ಎರಡು ವೋಲ್ಟು ಎಲ್ಲಿ ಹೋಯಿತು

ಹನ್ನೆರಡು ಗಂಟೆಗೆ ಶಿವಾಜಿನಗರದ ಗುಜರಿ ವಾಜಿದ್ ಬಂದು ಹಳೇ ಪಿಕಪ್ಪನ್ನು ಎಳೆದುಕೊಂಡು ಹೋಗುವವನಿದ್ದ. ಈಗ ಹನ್ನೊಂದೂ ಕಾಲು. ಧನಲಕ್ಷ್ಮಿಯ ಕೈಯಲ್ಲಿ ವೋಲ್ಟ್ ಮೀಟರು, ಬಾನೆಟ್ಟಿನ ಅಂಚಿನಲ್ಲಿಟ್ಟ ಫೋನಿನ ಸ್ಪೀಕರಿನಲ್ಲಿ ಆಟೋ ಎಲೆಕ್ಟ್ರಿಷಿಯನ್ ಶಫಿ, ಬೆನ್ನ ಹಿಂದೆ ಜಗಲಿಯ ಮೇಲೆ ಮಾವ ಮುನಿಆಂಜನಪ್ಪ. ಮೂರರಲ್ಲಿ ಮಾವನ ಭಾರವೇ ಹೆಚ್ಚು.

ಗಾಡಿಯನ್ನು ಗುಜರಿಗೆ ಹಾಕಲು ತೀರ್ಮಾನಿಸಿದವರೂ ಅವರೇ. ಇಪ್ಪತ್ತು ವರ್ಷ ತಾವೇ ಓಡಿಸಿ, ಮಂಡಿ ಕೈಕೊಟ್ಟ ಮೇಲೆ ಎರಡು ವರ್ಷದ ಹಿಂದೆ ಒಲ್ಲದ ಮನಸ್ಸಿನಿಂದ ಸೊಸೆಗೆ ಬಿಟ್ಟಿದ್ದರು. ಅವಳು ದಿನಾ ಕಗ್ಗದಾಸಪುರದಿಂದ ಇಂದಿರಾನಗರ, ದೊಮ್ಮಲೂರಿನ ಹೋಟೆಲುಗಳಿಗೆ ದೋಸೆ ಹಿಟ್ಟು ಸಾಗಿಸುತ್ತಿದ್ದಳು. ಗಾಡಿ ಹೋದರೆ ವ್ಯಾಪಾರ ಹೋಯಿತು, ವ್ಯಾಪಾರ ಹೋದರೆ ಮತ್ತೆ ಯಾವುದಕ್ಕೂ ಮನೆಯವರ ಮುಖ ನೋಡಿಕೊಂಡು ಕೂರಬೇಕು. ಅದನ್ನು ನೆನೆದರೇ ಅವಳಿಗೆ ಉರಿಯುತ್ತಿತ್ತು.

ಆಯುಧಪೂಜೆ ಕಳೆದಾಗಿನಿಂದ ಶುರುವಾದ ಕಾಟ ಇದು. ಹೆಡ್‌ಲೈಟು ಮಂಕು, ಹಾರನ್ನಿಗೆ ನೆಗಡಿ, ಬೆಳಗಾದರೆ ಬ್ಯಾಟರಿ ಸತ್ತಿರುತ್ತಿತ್ತು. ಬೀದಿಗೊಬ್ಬ ಮೇಸ್ತ್ರಿ ಬಂದ. ಒಬ್ಬ ಬ್ಯಾಟರಿ ಬದಲಿಸಿದ, ಇನ್ನೊಬ್ಬ ಡೈನಮೋ ಬಿಚ್ಚಿ ಜೋಡಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಕೊನೆಗೆ ಮಾವ ಊರವರ ಮುಂದೆಲ್ಲ, "ಹೆಣ್ಣೆಂಗ್ಸು ಕೈ ಇಟ್ಮ್ಯಾಕೆ ಗಾಡಿ ಕೆಟ್ತು ಕಣಪ್ಪ" ಅಂದುಬಿಟ್ಟರು. ಆ ಮಾತು ಧನಲಕ್ಷ್ಮಿಗೆ ಮುಳ್ಳಿನಂತೆ ಚುಚ್ಚಿಕೊಂಡಿತ್ತು.

ಅಂಗಡಿ ಬಿಟ್ಟು ಬರಲಾಗದ ಶಫಿ, ಮೀಟರು ಕಳಿಸಿ ಫೋನಿನಲ್ಲೇ ಹೇಳಿಕೊಡುತ್ತಿದ್ದ. ಬೀದಿಯವರು ತಳ್ಳಿ ಸ್ಟಾರ್ಟ್ ಮಾಡಿಕೊಟ್ಟು ಅವರವರ ಕೆಲಸಕ್ಕೆ ಹೋಗಿದ್ದರು. ಇಂಜಿನ್ ಗಡಗಡ ಅನ್ನುತ್ತಿತ್ತು.

"ಮೊದ್ಲು ಬ್ಯಾಟರಿ ನೋಡಕ್ಕಾ. ಎಷ್ಟೈತೆ?"

"ಹನ್ನೆರಡು ಚಿಲ್ರೆ, ಶಫಿ ಭಾಯ್."

"ಚಾರ್ಜೇ ಆಗ್ತಿಲ್ಲ ಅಂಗಾದ್ರೆ. ಇಂಜಿನ್ ಓಡ್ವಾಗ ಹದಿನಾಲ್ಕು ಇರ್ಬೇಕು. ಈಗ ಮೀಟರಿನ ಕೆಂಪು ಕಡ್ಡಿ ಡೈನಮೋ ಬೋಲ್ಟಿಗೆ, ಕರೀದು ಡೈನಮೋ ಮೈಗೆ. ಸೆರಗು ಹುಷಾರು, ಬೆಲ್ಟ್ ತಿರುಗ್ತಾ ಐತೆ."

ಸೆರಗನ್ನು ಸೊಂಟಕ್ಕೆ ಬಿಗಿದು ಅವಳು ಕಡ್ಡಿ ಇಟ್ಟಳು. ಮೀಟರು ಹದಿನಾಲ್ಕು ದಾಟಿ ನಿಂತಿತು. ಡೈನಮೋ ಗಟ್ಟಿಮುಟ್ಟಾಗಿತ್ತು, ಪಾಪ ಅದನ್ನು ಸುಮ್ಮನೆ ಬಿಚ್ಚಿ ಗೋಳು ಹೊಯ್ದುಕೊಂಡಿದ್ದರು. ಅಲ್ಲಿ ಹದಿನಾಲ್ಕು, ಬ್ಯಾಟರಿಯಲ್ಲಿ ಹನ್ನೆರಡು. ಮಾರುದ್ದದ ದಾರಿಯಲ್ಲಿ ಎರಡು ವೋಲ್ಟು ಯಾರು ತಿಂದರು?

"ಡೈನಮೋಯಿಂದ ಬ್ಯಾಟರಿಗೆ ಬರೋ ಕೆಂಪು ವೈರಿನ ಎರಡು ತುದೀಲಿ ನೋಡು."

"ಏನೂ ಇಲ್ಲ. ಸೊನ್ನೆ."

"ಶಭಾಶ್. ವೈರಲ್ಲಿ ಏನೂ ಸೋರ್ತಿಲ್ಲ. ಕಳ್ಳ ಅರ್ತ್ ಕಡೆ, ಕರೆಂಟ್ ವಾಪಸ್ ಬರೋ ದಾರೀಲಿ ಅವ್ನೆ. ಒಂದು ಕಡ್ಡಿ ಇಂಜಿನ್ ಮೈಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ."

ಮೀಟರು ನೇರವಾಗಿ ಎರಡು ತೋರಿಸಿತು. ಧನಲಕ್ಷ್ಮಿ ನೆಲದ ಮೇಲೆ ಅಂಗಾತ ಮಲಗಿ ಗಾಡಿಯಡಿ ತೂರಿದಳು. ಇಂಜಿನ್ನನ್ನು ಚಾಸಿಗೆ ಸೇರಿಸುವ ಹೆಣೆದ ತಂತಿಯ ಪಟ್ಟಿ ಕಂಡಿತು. ಅದರ ಬುಡದಲ್ಲಿ ಫಳಫಳ ನೀಲಿ ಪೇಂಟು. ಪೂಜೆಗೆ ಮುಂಚೆ ಮಾವ ಎರಡು ದಿನ ಗಾಡಿಯಡಿ ಮಲಗಿ, ಪಟ್ಟಿ ಬಿಚ್ಚಿ, ಕೋಟಿನ ಮೇಲೆ ಕೋಟು ಬಳಿದು, ಒಣಗಿದ ಮೇಲೆ ಬಿಗಿದಿದ್ದರು. ಅರಿಶಿನ ಕುಂಕುಮ ಹಚ್ಚುವ ಗಾಡಿ ಅಡಿಯಿಂದ ಮುಡಿಯವರೆಗೆ ಲಕಲಕ ಅನ್ನಬೇಕು ಎಂಬುದು ಅವರ ಹಟ. ಆ ಭಕ್ತಿಯೇ ಕರೆಂಟಿನ ದಾರಿಗೆ ಅಡ್ಡ ಕೂತಿತ್ತು. ಅವಳು ಕಂಡದ್ದನ್ನು ಅಲ್ಲಿಂದಲೇ ಫೋನಿಗೆ ಕೂಗಿ ಹೇಳಿದಳು.

"ಪೇಂಟ್ ಕೆರೀಬೇಕು. ಇಂಜಿನ್ ಆಫ್ ಮಾಡ್ಕೊಂಡು ಕೆರಿ" ಅಂದ ಶಫಿ.

ಹೊರಗೆ ಬಂದ ಧನಲಕ್ಷ್ಮಿಯ ಕೈ ಕೀ ಮೇಲೆ ನಿಂತಿತು. ತಳ್ಳುವವರು ಯಾರೂ ಉಳಿದಿರಲಿಲ್ಲ. ಮತ್ತೆ ಸ್ಟಾರ್ಟ್ ಆಗದಿದ್ದರೆ ವಾಜಿದನಿಗೆ ಹಗ್ಗ ಕಟ್ಟುವ ಕೆಲಸವಷ್ಟೇ ಬಾಕಿ. ಆದದ್ದಾಗಲಿ ಅಂದುಕೊಂಡು ಕೀ ತಿರುಗಿಸಿದಳು. ಬೀದಿ ಒಮ್ಮೆಲೇ ನಿಶ್ಶಬ್ದವಾಯಿತು.

ಮತ್ತೆ ಗಾಡಿಯಡಿ ತೂರಿ, ಪಟ್ಟಿಯ ಬೋಲ್ಟು ಬಿಚ್ಚಿ, ಉಪ್ಪು ಕಾಗದ ಹಿಡಿದವಳನ್ನು ಕಂಡು ಮುನಿಆಂಜನಪ್ಪ ಜಗಲಿ ಇಳಿದು ಬಂದರು. "ಅಯ್ಯೋ, ನಾನ್ ಬಳ್ದಿರೋ ಬಣ್ಣ ಕೆರೀಬ್ಯಾಡಮ್ಮ."

"ಮಾವ, ಬಣ್ಣದ ಮೇಲೆ ಕರೆಂಟ್ ಹರಿಯಲ್ಲ. ಪಟ್ಟಿಗೆ ಬರೀ ಕಬ್ಬಿಣ ತಾಗ್ಬೇಕು."

ಅವರು ನೀಲಿ ಪುಡಿ ಉದುರುವುದನ್ನೇ ನೋಡುತ್ತ ನಿಂತರು. ಇಪ್ಪತ್ತು ವರ್ಷ ಓಡಿಸಿದವರಿಗೆ ಅಷ್ಟು ಹೇಳಿದ್ದೇ ಸಾಕಾಯಿತು. ಮುಖ ಸಣ್ಣದಾಯಿತು.

ಕಬ್ಬಿಣ ಬೆಳ್ಳಗಾಯಿತು. ಬೋಲ್ಟು ಬಿಗಿದು ಅವಳು ಮೇಲೇಳುವುದಕ್ಕೂ ವಾಜಿದನ ಲಾರಿ ಬೀದಿಗೆ ತಿರುಗುವುದಕ್ಕೂ ಸರಿಹೋಯಿತು. ಧನಲಕ್ಷ್ಮಿ ಸೀಟಿಗೆ ಹತ್ತಿ ಕೀ ತಿರುಗಿಸಿದಳು. ಇಂಜಿನ್ ಒಮ್ಮೆ ಗುಯ್ ಅಂದಿತು, ಇನ್ನೊಮ್ಮೆ ಗುಯ್ ಅಂದಿತು, ಆಮೇಲೆ ಒಮ್ಮೆಲೇ ಗಡಗಡ ಸ್ಟಾರ್ಟ್ ಆಯಿತು. ಓಡಿ ಬಂದು ಬ್ಯಾಟರಿಗೆ ಕಡ್ಡಿ ಇಟ್ಟಳು. ಹದಿನಾಲ್ಕು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಫೋನಿನಲ್ಲಿ ಶಫಿ "ಎಷ್ಟಕ್ಕಾ, ಎಷ್ಟು" ಎಂದು ಬಡಕೊಳ್ಳುತ್ತಲೇ ಇದ್ದ.

ವಾಜಿದ್ ಇಳಿದು ಬಂದು ಬೆರಗಾಗಿ ನಿಂತ. "ಏನ್ ಯಜಮಾನ್ರೇ, ಸತ್ತೋಗಿದೆ ಅಂದ್ರಿ? ಏನಾಗಿತ್ತು?"

ಹೇಳಬೇಕಾದವರು ಹೇಳಲಿ ಎಂದು ಧನಲಕ್ಷ್ಮಿ ಕೈಯ ಮಸಿ ಒರೆಸಿಕೊಳ್ಳುತ್ತ ನಿಂತಳು.

"ನಾನೇ ಬಣ್ಣ ಬಳ್ದು ಕೆಡಿಸಿದ್ದೆ ಕಣಪ್ಪ" ಅಂದರು ಮುನಿಆಂಜನಪ್ಪ, ಬೀದಿಗೆಲ್ಲ ಕೇಳುವಂತೆ. "ನಮ್ ಸೊಸೆ ಹಿಡುದ್ಲು. ಗಾಡಿ ಕೊಡಾಕಿಲ್ಲ, ಹೋಗಪ್ಪ."

ಹಾಗೆಂದು ಅವರು ಕುಂಟುತ್ತ ಗಾಡಿಯನ್ನು ಸುತ್ತು ಹಾಕಿ, ಎಡಗಡೆ ಬಾಗಿಲು ತೆಗೆದು, ಮಂಡಿ ಹಿಡಿದುಕೊಂಡು ಹತ್ತಿ ಕೂತರು. ಈ ಎರಡು ವರ್ಷದಲ್ಲಿ ಸೊಸೆ ಓಡಿಸುವ ಗಾಡಿಗೆ ಅವರು ಒಂದು ದಿನವೂ ಹತ್ತಿರಲಿಲ್ಲ.

"ಹಿಟ್ಟು ಹುಳಿಯಾಯ್ತದೆ, ನಡಿಯಮ್ಮ" ಅಂದರು.