ಎಡಗೈ ನನ್ನದು, ಬಲಗೈ ತಮ್ಮನದು

ತೀವ್ರ ನಿಗಾ ಘಟಕದ ಬಾಗಿಲಲ್ಲಿ ಡಾಕ್ಟರಮ್ಮ ನನ್ನ ತಮ್ಮನ ಫೈಲು ತಿರುವುತ್ತಿದ್ದರು. ಅವನಿಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಿ ಎರಡು ದಿನವಾಗಿತ್ತು. ಏಕೆಂದು ಗೊತ್ತಾಗಿರಲಿಲ್ಲ.

“ಬ್ಯಾಟರಿ ಕಾರ್ಖಾನೇಲಿ ಸೀಸ ಕರಗಿಸೋನು ಅಂದಾಗ ನಂಗೂ ಮೊದಲು ಸೀಸದ್ದೇ ಅನುಮಾನ ಬಂತು. ಆದ್ರೆ ಅವರ ಹೆಂಡತಿ ಮೂರು ವರ್ಷದ ರಿಪೋರ್ಟು ತಂದುಕೊಟ್ರು ನೋಡಿ. ರಕ್ತದಲ್ಲಿ ಸೀಸ ಬರೀ ಆರು! ಕುಲುಮೆ ಮುಂದೆ ನಿಲ್ಲೋನಿಗೆ ಇದು ಪುಣ್ಯ. ಅದಕ್ಕೇ ಮಿದುಳು ಜ್ವರ ಅಂತ ಔಷಧಿ ಕೊಡ್ತಿದೀವಿ.”

ಪುಣ್ಯ ಅಂತೆ! ಆ ಕಾಗದಗಳು ಇಲ್ಲಿಯವರೆಗೆ ಬಂದಿವೆಯೆಂದು ನನಗೆ ಗೊತ್ತೇ ಇರಲಿಲ್ಲ.

ನಾನು ಅದೇ ಕಾರ್ಖಾನೆಯ, ಸೀಸದ ಹೊಗೆ ತಾಗದ ಪ್ಯಾಕಿಂಗ್‌ನವನು. ವರ್ಷಕ್ಕೊಮ್ಮೆ ಎಲ್ಲರ ರಕ್ತ ತೆಗೆಯುತ್ತಾರೆ. ಸೀಸ ಜಾಸ್ತಿ ಬಂದವನನ್ನು ಕುಲುಮೆಯಿಂದ ಎಬ್ಬಿಸಿ ಅಂಗಳ ಗುಡಿಸಲು ಹಾಕುತ್ತಾರೆ. “ಪೊರಕೆ ಹಿಡಿಯೋದಕ್ಕಿಂತ ಸಾಯೋದು ಮೇಲು ಕಣಣ್ಣ” ಎಂದಿದ್ದ ತಮ್ಮ. ಬುದ್ಧಿ ಹೇಳಬೇಕಾದ ದೊಡ್ಡವನು ನಾನು. ಹೇಳುವುದು ಬಿಟ್ಟು, ಮುಖಕ್ಕೆ ಮಾಸ್ಕು, ತಲೆಗೆ ಟೋಪಿ, ಕುತ್ತಿಗೆಗೆ ಅವನ ಗುರುತಿನ ಬಿಲ್ಲೆ ಹಾಕಿಕೊಂಡು ಸಾಲಿನಲ್ಲಿ ಎರಡನೇ ಸಲ ನಿಂತೆ. ಎಡಗೈ ನನ್ನ ಹೆಸರಿಗೆ, ಬಲಗೈ ಅವನ ಹೆಸರಿಗೆ. ಕುಲುಮೆಯವರಿಗೆ ಇದು ಹೊಸದಲ್ಲ. ಪ್ಯಾಕಿಂಗ್‌ನಲ್ಲಿ ನೆಂಟನಿದ್ದವನೇ ಅಲ್ಲಿ ಅದೃಷ್ಟವಂತ. ಹೋದ ತಿಂಗಳು ಅವನು ಹೊಟ್ಟೆ ಹಿಡಿದುಕೊಂಡು ಬಗ್ಗಿದಾಗಲೂ, “ಹೊತ್ತುಹೊತ್ತಿಗೆ ಊಟ ಮಾಡೋ ಮಾರಾಯ” ಎಂದು ರೇಗಿದ್ದೆ.

“ಡಾಕ್ಟ್ರೇ, ಅದು ಅವನ ರಕ್ತ ಅಲ್ಲ. ಮೂರು ವರ್ಷನೂ ನಾನೇ ಕೊಟ್ಟಿದ್ದು. ನಿಮ್ಮ ಕಾಲಿಗೆ ಬೀಳ್ತೀನಿ, ಅವನದನ್ನ ಈಗ ನೋಡಿ.”

ಅವರು ನನ್ನನ್ನೇ ದುರುಗುಟ್ಟಿ ನೋಡಿ ಒಳಗೆ ಓಡಿದರು.

ಮಧ್ಯಾಹ್ನ ಫಲಿತಾಂಶ ಬಂತು. ನೂರಾ ಹದಿನೆಂಟು.

“ಸೀಸ ಹೊರಗೆ ಹಾಕೋ ಔಷಧಿ ಶುರು ಮಾಡಿದೀವಿ. ಆದ್ರೆ ನಿಮಗೆ ಸುಳ್ಳು ಹೇಳಲ್ಲ. ಇಷ್ಟು ಸೀಸ ಇದ್ದು, ಈ ಸ್ಥಿತಿಗೆ ಬಂದೋರಲ್ಲಿ ಎದ್ದು ಮನೆಗೆ ಹೋಗೋರು ಕಮ್ಮಿ. ಮೊದಲ ದಿನವೇ ಗೊತ್ತಾಗಿದ್ರೆ…” ಎಂದು ಫೈಲು ಮುಚ್ಚಿದರು. ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹೊರಗೆ ಬಂದು ತಮ್ಮನ ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕುಸಿದೆ. ಅವರ ಪುಟ್ಟ ಮಗಳು ಎಂದಿನಂತೆ ನನ್ನ ತೊಡೆ ಹತ್ತಿ ಕೂತಳು. “ಏನಂದ್ರು ಭಾವ? ಸೀಸ ಕಮ್ಮಿನೇ ತಾನೆ? ಅವರದು ಯಾವತ್ತೂ ಆರೇ” ಎಂದು ತಮ್ಮನ ಹೆಂಡತಿ ನನ್ನ ಮುಖ ನೋಡಿದಳು.

ಹೌದು ಅನ್ನುವುದು ಬಾಯಿಯ ತನಕ ಬಂದಿತ್ತು. ಮೂರು ವರ್ಷದ ಅಭ್ಯಾಸ.

“ಆ ಆರು ನಂದು ಕಣಮ್ಮ. ಅವನ ಬದಲು ನಾನು ಕೊಡ್ತಿದ್ದೆ. ಅವನದು ನೂರಾ ಹದಿನೆಂಟು.”

ಅವಳು ನನ್ನ ತೊಡೆಯ ಮೇಲಿಂದ ಮಗಳನ್ನು ಎತ್ತಿಕೊಂಡು ಹೋಗಿ ಆಚೆ ಗೋಡೆಯ ಬೆಂಚಿನಲ್ಲಿ ಕೂತಳು.