ಸಲಿಗೆ ಕಲಿತ ಕಡವೆ

ಹೊಟ್ಟೆಯಿಂದ ಬಂದ ಮಗು ಅಳಲೇ ಇಲ್ಲ. ಅವತ್ತಿನಿಂದ ಆಸ್ಮಾ ಚಾಪೆ ಬಿಟ್ಟು ಏಳುವುದನ್ನೇ ನಿಲ್ಲಿಸಿದಳು. ಲಾರಿ ಓಡಿಸುವ ಗಂಡ ಶಾಹಬಾಜ್ ಮೊದಮೊದಲು ಸಮಾಧಾನ ಹೇಳಿದ, ಆಮೇಲೆ ರೇಗಿದ, ಕೊನೆಗೆ ಸಕಲೇಶಪುರದ ತವರಿಗೆ ತಂದು ಬಿಟ್ಟ. ತಲೆ ಬಾಚಲು, ತುತ್ತು ತಿನ್ನಿಸಲು ತಾಯಿ ಚಾಂದ್ ಬೀಯೇ ಬೇಕಾಯಿತು. ಹೆಗ್ಗದ್ದೆಯ ಹತ್ತಿರ ಗಾಯಗೊಂಡ ಕಾಡುಪ್ರಾಣಿಗಳನ್ನು ಸಾಕಿ ಮತ್ತೆ ಕಾಡಿಗೆ ಬಿಡುವ ಕೇಂದ್ರವೊಂದಿದೆ, ಮನಸ್ಸು ಮುರಿದವರನ್ನೂ ಅಲ್ಲಿ ಆರೈಕೆಯ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದು ಡಾಕ್ಟರು ಹೇಳಿದ ಮೇಲೆ, ಚಾಂದ್ ಬೀ ಮಗಳನ್ನು ಕೈಹಿಡಿದು ಅಲ್ಲಿಗೆ ಕರೆತಂದಳು.

ಕೇಂದ್ರ ನಡೆಸುತ್ತಿದ್ದ ಮಾನಸ, ತಾಯಿ ಸತ್ತ ಕಡವೆಮರಿಯೊಂದನ್ನು ಆಸ್ಮಾಳ ಮಡಿಲಿಗೆ ಹಾಕಿ ಹಾಲಿನ ಬಾಟಲಿ ಕೊಟ್ಟಳು. ಮರಿ ಚೀಪಿದ ರಭಸಕ್ಕೆ ಬಾಟಲಿ ಜಾರಿತು. ಆಸ್ಮಾ ಗಬಕ್ಕನೆ ಹಿಡಿದಳು. ಅವಳ ಎದೆಹಾಲು ಇನ್ನೂ ಬತ್ತಿರಲಿಲ್ಲ, ರವಿಕೆ ಒದ್ದೆಯಾಯಿತು. ಎಲ್ಲರೆದುರು ಬಿಕ್ಕಿಬಿಕ್ಕಿ ಅತ್ತಳು. ಅವತ್ತು ಸಂಜೆ ತಾನಾಗಿ ತಟ್ಟೆ ಹಾಕಿಕೊಂಡು ಉಂಡಳು.

ಮರಿಗೆ ಮುನ್ನಿ ಎಂದು ಹೆಸರಿಟ್ಟಳು. ಮುನ್ನಿ ಅವಳ ಹಿಂದೆಯೇ ಸುತ್ತುತ್ತಿತ್ತು, ಅವಳ ಸೆರಗು ಜಗಿಯುತ್ತಿತ್ತು, ಕೈ ಚಾಚಿದವರ ಅಂಗೈಯನ್ನೆಲ್ಲ ನೆಕ್ಕುತ್ತಿತ್ತು.

"ಕಾಡಿಗೆ ಬಿಡೋ ಮರಿಗೆ ಇಷ್ಟು ಸಲಿಗೆ ಕೊಡಬಾರದು," ಎಂದು ಮಾನಸ ಒಮ್ಮೆ ಹೇಳಿದಳು. ಆಸ್ಮಾಳ ಮುಖ ಬಾಡಿದ್ದು ಕಂಡು, "ಇರಲಿ ಬಿಡು," ಎಂದು ನಕ್ಕಳು. ಕೇಂದ್ರಕ್ಕೆ ಬಂದ ಅತಿಥಿಗಳಿಗೆಲ್ಲ ಮೊದಲು ತೋರಿಸುತ್ತಿದ್ದುದು ಆಸ್ಮಾ, ಮುನ್ನಿ ಇಬ್ಬರನ್ನೇ. ಶಾಹಬಾಜನೂ ಬಂದು ನೋಡಿ, ಹೆಂಡತಿ ಸರಿಹೋಗಿದ್ದಾಳೆ, ಮರಿ ಕಾಡಿಗೆ ಹೋದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದ.

ಮರಿ ಬೆಳೆದು ದೊಡ್ಡದಾದ ಮೇಲೆ ಅದರ ಕಿವಿಗೆ ಕೇಂದ್ರದ ಹಳದಿ ಬಿಲ್ಲೆ ಹಾಕಿ ಕಾಡಿನ ಅಂಚಿನಲ್ಲಿ ಬಿಟ್ಟರು. ಜೀಪು ಹೊರಟಾಗ ಅದು ತುಂಬ ದೂರ ಹಿಂದೆಯೇ ಓಡಿ ಬಂತು. ಆಸ್ಮಾ ಕಣ್ಣು ಮುಚ್ಚಿ ಕುಳಿತಳು.

ಕಾಫಿ ಕೊಯ್ಲು ಶುರುವಾದಾಗ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ನಂಜುಂಡ ಸುದ್ದಿ ತಂದ. ಜಗಲಿಯಲ್ಲಿ ಕೂರಲೂ ಇಲ್ಲ.

"ನಿಮ್ಮ ಕಡವೆ ಕೂಲಿಯವ್ರ ಲೈನ್ ಮನೆ ಹತ್ರ ಬಂದಿತ್ತು ಕಣಮ್ಮ. ಕಿವೀಲಿ ನಿಮ್ಮ ಹಳದಿ ಬಿಲ್ಲೆ ಐತೆ. ಯಾರೋ ಹೊಡೆದು ಹಾಕ್ಬುಟ್ಟವ್ರೆ."

"ಓಡ್ಲಿಲ್ವಾ ಅಣ್ಣ?" ಎಂದಳು ಆಸ್ಮಾ.

ನಂಜುಂಡ ತಲೆ ತಗ್ಗಿಸಿದ. "ಎಲ್ಲಿ ಓಡ್ತದೆ? ಕೋವಿ ಹಿಡಿದೋನು ಕೈ ಚಾಚಿದ್ನಂತೆ. ಮೂಸ್ಕೊಂಡು ಹತ್ರಕ್ಕೇ ಬಂತಂತೆ."

ಮಾನಸ ಅವಳ ಹೆಗಲು ಬಳಸಿದಳು. "ನಿನ್ನ ತಪ್ಪಲ್ಲ ಆಸ್ಮಾ."

"ನಿಮಗೆ ಗೊತ್ತಿತ್ತಲ್ಲ ಮೇಡಮ್, ಹಿಂಗಾಗ್ತದೆ ಅಂತ?"

"ಹಿಂಗಾಗಬಹುದು ಅಂತ ಗೊತ್ತಿತ್ತು. ಆದರೆ ನೀನು ಬದುಕ್ತಾ ಇದ್ದೆ. ಅದನ್ನ ತಡೆಯೋಕೆ ಮನಸ್ಸು ಬರಲಿಲ್ಲ."

"ನನಗೆ ಗೊತ್ತಿರ್ಲಿಲ್ಲ," ಎಂದಳು ಆಸ್ಮಾ. "ಯಾಕೆ ಅಂತ ಹೇಳಿದ್ರೆ ಸಲಿಗೆ ಬಿಟ್ಬಿಡ್ತಿದ್ದೆ." ಹೆಗಲ ಮೇಲಿದ್ದ ಕೈಯನ್ನು ತೆಗೆದು ಪಕ್ಕಕ್ಕಿಟ್ಟಳು. ಬಿಡುತ್ತಿದ್ದೆನೋ ಇಲ್ಲವೋ ಎಂದು ಅವಳಿಗೇ ಖಾತ್ರಿ ಇರಲಿಲ್ಲ. ಆ ಅನುಮಾನ ಸಾವಿನ ಸುದ್ದಿಗಿಂತ ಹೆಚ್ಚು ಸುಟ್ಟಿತು.

ಚಾಂದ್ ಬೀ ಕರೆದೊಯ್ಯಲು ಬಂದಳು. "ನಡಿ ಬೇಟಿ, ಶಾಹಬಾಜ್ ಕಾಯ್ತಾ ಇದ್ದಾನೆ." ಆಸ್ಮಾ ಹೋಗಲಿಲ್ಲ. ಆ ವಾರವೇ ನಾಯಿ ಕಚ್ಚಿದ ಇನ್ನೊಂದು ಕಡವೆಮರಿ ಕೇಂದ್ರಕ್ಕೆ ಬಂದಿತ್ತು. ಅದನ್ನು ತಾನೇ ನೋಡಿಕೊಳ್ಳುತ್ತೇನೆಂದಳು.

ಅದಕ್ಕೆ ಹೆಸರಿಡಲಿಲ್ಲ. ಗೂಡಿಗೆ ಗೋಣಿಪರದೆ ಕಟ್ಟಿ, ತನ್ನ ಮುಖ ಕಾಣದಂತೆ ತೂತಿನಿಂದ ಬಾಟಲಿ ಹಿಡಿದಳು. ಹಾಲು ಮುಗಿದ ಮೇಲೆ ಮರಿ ತೂತಿನೊಳಗೆ ಮೂತಿ ತೂರಿಸಿ ಅವಳ ಬೆರಳು ನೆಕ್ಕಿತು. ಬೆಚ್ಚಗಿತ್ತು. ಆಸ್ಮಾ ಕೈ ಕಿತ್ತುಕೊಂಡು, ಖಾಲಿ ಡಬ್ಬವನ್ನು ಕೋಲಿನಿಂದ ಬಲವಾಗಿ ಬಡಿದಳು. ಮರಿ ಹಾರಿಬಿದ್ದು, ಕುಂಟುತ್ತ ಮೂಲೆ ಸೇರಿ ಗಡಗಡ ನಡುಗಿತು.

ನಡುಕ ಸ್ವಲ್ಪ ನಿಂತಂತೆ ಕಂಡಾಗ ಅವಳು ಮತ್ತೆ ಬಡಿದಳು.