ಹಾಲುಗಿಡದ ಒಂಬತ್ತನೇ ಹುಳ

ಅಮೆರಿಕದ ನಮ್ಮ ಅಯೋವ ರಾಜ್ಯದಲ್ಲಿ ಅಂಗಳಕ್ಕೆ ಕಳೆ ಎದ್ದರೆ ಮರ್ಯಾದೆ ಹೋದ ಹಾಗೆ. ಅದರಲ್ಲೂ ನಮ್ಮ ಬೀದಿಯ ವೆರ್ಲಿನ್‌ಗೆ. ಹುಡುಗನಾಗಿದ್ದಾಗ ಹನ್ನೊಂದು ಬೇಸಿಗೆ ಅವನು ಸೋಯಾ ಹೊಲದ ಸಾಲುಗಳಲ್ಲಿ ನಡೆಯುತ್ತ ಉದ್ದ ಹಿಡಿಯ ಕೊಕ್ಕೆಯಿಂದ ಕಳೆ ಕಡಿದವನು. ಆ ಕೊಕ್ಕೆ ಇವತ್ತಿಗೂ ಶೆಡ್ಡಿನಲ್ಲಿದೆ, ಅಲಗು ಮೊಂಡಾಗಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ ಅದನ್ನು ಹೆಗಲಿಗೇರಿಸಿ ಹಿತ್ತಲಿಗೆ ಹೊರಟ. ಅಲ್ಲಿ ಬೇಲಿಯ ಪಕ್ಕ ಅವನ ಹೆಂಡತಿ ಆರ್ಡಿಸ್ ಹೋದ ವರ್ಷ ನೆಟ್ಟಿದ್ದ ಐದು ಗಿಡಗಳಿದ್ದವು. ಎಕ್ಕದ ಬಳಗದ್ದು, ಮುರಿದರೆ ಹಾಲು ಸುರಿಯುವಂಥದ್ದು.

ಆರ್ಡಿಸ್ ಅಡ್ಡ ನಿಂತಳು. "ರೀ, ನನ್ನ ಗಿಡ ಮುಟ್ಟಿದ್ರೆ ಮಧ್ಯಾಹ್ನ ಊಟ ಇಲ್ಲ ನಿಮ್ಗೆ."

"ಗಿಡ ಅಲ್ಲ ಕಣೇ, ಹಾಲುಗಳೆ! ಇಂಥವು ಸಾವಿರಗಟ್ಟಲೆ ಕಡಿದಿದ್ದೀನಿ. ಬೇಲಿ ಆಚೆ ಜೋಲೀನ್ ಹೊಲ. ಬೀಜ ಹಾರಿ ಅವಳ ಸೋಯಾದಲ್ಲಿ ಬಿದ್ರೆ ಹೇಗೆ ಮುಖ ತೋರಿಸ್ಲಿ? ಎಲೆ ನೋಡು, ಹುಳ ತಿಂದು ಜರಡಿ ಆಗಿದೆ."

"ಎಂಟಿವೆ, ಎಣಿಸಿದ್ದೀನಿ. ಮೊನಾರ್ಕ್ ಚಿಟ್ಟೆ ಮರಿಗಳು. ಇನ್ನು ಮೂರು ವಾರ ಬಿಟ್ಟಿರಿ, ಹಾರಿ ಹೋಗ್ತವೆ."

ಅಷ್ಟರಲ್ಲಿ ಜೋಲೀನೇ ಮಡಿಲ ತುಂಬ ಮೆಕ್ಕೆಜೋಳದ ತೆನೆ ತಂದಳು. ವೆರ್ಲಿನ್ ಮುಖ ಕೆಂಪಾಯಿತು.

"ಈಗ್ಲೇ ಕಡಿದುಬಿಡ್ತೀನಿ, ತಪ್ಪು ತಿಳ್ಕೋಬೇಡ."

ಜೋಲೀನ್ ತೆನೆಗಳನ್ನು ಕೆಳಗಿಟ್ಟು ಮೊಣಕಾಲೂರಿ ಒಂದು ಎಲೆ ಮಗುಚಿದಳು. "ಆರ್ಡಿಸ್, ಇಲ್ಲಿ ಒಂಬತ್ತನೇದೂ ಇದೆಯಲ್ಲೇ! ವೆರ್ಲಿನ್, ಮೊದ್ಲು ಆ ಕೊಕ್ಕೆ ಇಳಿಸಪ್ಪ."

"ನಿನ್ನ ಹೊಲಕ್ಕೆ ಹರಡಿದ್ರೆ?"

"ಇದು ಜೌಗು ನೆಲದ ಜಾತಿ, ನೀನು ಹೊಲದಲ್ಲಿ ಕಡೀತಿದ್ದಂಥದ್ದಲ್ಲ. ಒಂದೇ ಬುಡದಲ್ಲಿ ಗುಂಪಾಗಿರುತ್ತೆ, ಬೇರು ಓಡಲ್ಲ. ಕಾಯಿ ಒಡೆಯೋ ಮುಂಚೆ ಕಿತ್ತಿಟ್ರೆ ಬೀಜಾನೂ ಹಾರಲ್ಲ. ಈ ಮರಿಗಳು ಬೇರೆ ಯಾವ ಎಲೇನೂ ತಿನ್ನಲ್ಲ ಮಾರಾಯ. ತಿನ್ಲಿ ಅಂತಾನೇ ನೆಟ್ಟಿರೋದು!"

ವೆರ್ಲಿನ್ ದನಿ ಇಳಿಯಿತು. "ನಾನು ಚಿಕ್ಕವನಿದ್ದಾಗ ಸೆಪ್ಟೆಂಬರಲ್ಲಿ ನಮ್ಮನೆ ಹಿಂದಿನ ಮರಗಳೆಲ್ಲ ಕಿತ್ತಳೆ ಬಣ್ಣ ಆಗ್ತಿದ್ವು. ಮೆಕ್ಸಿಕೋಗೆ ಹೋಗೋ ಚಿಟ್ಟೆಗಳು ರಾತ್ರಿ ತಂಗ್ತಿದ್ವು. ಈಗಿಲ್ಲ. ಅವನ್ನ ಉಪವಾಸ ಕೆಡವಿದ್ದು ನಾನೇನಾ?"

"ನಿನ್ನ ಕೊಕ್ಕೆಗೆ ಅಷ್ಟೊಂದು ಜಂಬ ಬೇಡ," ಜೋಲೀನ್ ನಕ್ಕಳು. "ನೀನು ಮೇಲೆ ಕಡಿದೆ, ಬೇರಿಂದ ಮತ್ತೆ ಚಿಗುರ್ತು. ಆಮೇಲೆ ನಾವೆಲ್ಲ ಕಳೆನಾಶಕ ಹೊಡೆದ್ವಲ್ಲ, ಆಗ ಬೇರೂ ಹೋಯ್ತು. ಹೊಲದ ಮಧ್ಯ ನಾನು ಜಾಗ ಕೊಡೋಕಾಗಲ್ಲ. ನಿನ್ನ ಹಿತ್ತಲಲ್ಲಿ ಆಗುತ್ತೆ."

ವೆರ್ಲಿನ್ ಕೊಕ್ಕೆ ಕೆಳಗಿಟ್ಟು, ಬಗ್ಗಿ ಆ ಒಂಬತ್ತನೇ ಹುಳ ನೋಡಿದ. ಆಮೇಲೆ ಕೊಕ್ಕೆ ಎತ್ತಿಕೊಂಡ. ಆರ್ಡಿಸ್ ಉಸಿರು ಬಿಗಿಹಿಡಿದಳು. ಅವನು ಗಿಡಗಳ ಬುಡಕ್ಕೆ ಒತ್ತಿಕೊಂಡಿದ್ದ ಹುಲ್ಲನ್ನಷ್ಟೇ ಸುತ್ತಲೂ ಸವರಿದ, ಒಂದು ಎಲೆಯೂ ಅಲುಗದಂತೆ.

"ಹನ್ನೊಂದು ಬೇಸಿಗೆ ಕಲಿತಿದ್ದು," ಎಂದು ಬೀಗಿದ.

ಆಗಸ್ಟಿನಲ್ಲಿ ಚಿಟ್ಟೆಯಾಗಿ ಹಾರಿದ್ದು ಎರಡೇ. ಉಳಿದವು ಕಣಜ, ಜೇಡಗಳ ಪಾಲಾದವು.

"ಒಂಬತ್ತಕ್ಕೆ ಎರಡೇನಾ?" ವೆರ್ಲಿನ್‌ಗೆ ಸಿಟ್ಟೇ ಬಂತು. "ಐದು ಗಿಡ ಎಲ್ಲಿ ಸಾಲುತ್ತೆ!" ನವೆಂಬರಿನಲ್ಲಿ ತನ್ನ ಮುದ್ದಿನ ಹುಲ್ಲುಹಾಸಿನ ಅರ್ಧ ಅಗೆದು, ಕಿತ್ತಿಟ್ಟಿದ್ದ ಕಾಯಿಗಳ ಬೀಜವನ್ನು ತಾನೇ ಬಿತ್ತಿದ.

ನೀವೂ ಹಿಮ ಬೀಳುವ ಮುಂಚೆ ನಿಮ್ಮ ಸೀಮೆಯದೇ ಜಾತಿಯ ಹಾಲುಗಿಡ ಬಿತ್ತಿ. ಚಳಿ ಉಂಡ ಬೀಜವೇ ಚೆನ್ನಾಗಿ ಮೊಳೆಯುವುದು. ಅದರ ಹಾಲು ಕಣ್ಣಿಗೆ ತಾಗದಿರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಮುಂದೊಂದು ದಿನ ಎಲೆಯಲ್ಲಿ ತೂತು ಕಂಡರೆ ಔಷಧಿ ಡಬ್ಬಿಗೆ ಕೈಹಾಕಬೇಡಿ. ಎಲೆ ಮಗುಚಿ, ಎಣಿಸಿ.